ಬಾಣಂತಿ ಕೋಣೆಯಲ್ಲಿ ಕೇಳಿದ ನಮ್ಮೂರ ದನಿ

ಬ್ಯಾಡಗಿಯ ಮನೆಯಲ್ಲಿ ನನ್ನ ಮಗಳನ್ನು ಮೊದಲ ಸಲ ಕೆಂಡದ ಮೇಲೆ ಹಿಡಿದಾಗ ನಾನು ಕಿರುಚಿಬಿಟ್ಟೆ. ಅತ್ತೆ ಗೌರವ್ವ ಮಗುವಿಗೆ ಎರೆದು, ಮೈ ಒರೆಸಿ, ಕೆಂಡಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಏಳುವ ಹೊಗೆಯಲ್ಲಿ ಮೆಲ್ಲಗೆ ಆಡಿಸುತ್ತಿದ್ದರು. ಇದಕ್ಕೆ ಇಲ್ಲಿ ‘ಕಾಸೂದು’ ಅನ್ನುತ್ತಾರೆ, ಕೂಸಿಗೆ ಶೀತ ಹತ್ತದಿರಲಿ ಎಂದು ಮೈ ಬೆಚ್ಚಗೆ ಮಾಡುವುದು. ಕೋಣೆಯಲ್ಲಿದ್ದ ಹೆಂಗಸರು ನಕ್ಕರು. ನಮ್ಮ ಕೊಳ್ಳೇಗಾಲದ ಕಡೆ ಸಾಂಬ್ರಾಣಿ ಹಾಕುವುದಿಲ್ಲವೇ, ಇದೂ ಅಂಥದ್ದೇ ಎಂದುಕೊಂಡು ನಾನೂ ನಕ್ಕೆ.

ಹಾವೇರಿಯ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ಕೆಲಸ ಸಿಕ್ಕಿ ಈ ಕಡೆ ಬಂದವಳು ನಾನು. ಸ್ಟೇಷನ್ ಹತ್ತಿರ ಬಾಡಿಗೆ ಕೋಣೆ. ಮುದ್ದೆ ಹೋಗಿ ರೊಟ್ಟಿ ಬಂತು. ಸಾಕ್ಷಿಗಳು ಹೇಳಿದ್ದು ಮೊದಮೊದಲು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ‘ಲಗೂ’ ಅಂದರೆ ಬೇಗ, ‘ಖರೇ’ ಅಂದರೆ ನಿಜ ಎಂದು ಪಕ್ಕದ ಮೇಜಿನವರು ಬಿಡಿಸಿ ಹೇಳಬೇಕಿತ್ತು. ಯಾರನ್ನೂ ಕೇಳದೆ ಒಂದು ಇಡೀ ಹೇಳಿಕೆ ಟೈಪ್ ಮಾಡಿ ಮುಗಿಸಿದ ದಿನ ನನಗೆ ನಾನೇ ಮಿರ್ಚಿ ಬಜ್ಜಿ ಕೊಡಿಸಿಕೊಂಡೆ. ಮುಂದೆ ಬ್ಯಾಡಗಿಯ ಈರಣ್ಣನನ್ನು ಮದುವೆಯಾದೆ. ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿರುವ, ಹೆಚ್ಚು ಮಾತಿಲ್ಲದ ಮನುಷ್ಯ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ರೂಢಿ. ಆದರೆ ನಾನು ಕಾಲೇಜಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಹಾಗಾಗಿ ಇಲ್ಲೇ ಉಳಿದೆ. ಗೌರವ್ವ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಮ್ಮ ಕಡೆಯ ಮೆಣಸಿನ ಸಾರಿನ ಬದಲು ಅಂಟಿನ ಉಂಡಿ, ಅಳವಿ ಕಾಳಿನ ಪಾಯಸ. ತುತ್ತು ಬಾಯಿಗಿಟ್ಟರೆ ಅಳು ಬರುತ್ತಿತ್ತು. ಮಗುವನ್ನು ನೋಡಿದರೂ ಅಳು. ಊರು ನೆನಪಾಗಿರಬೇಕು ಎಂದರು ಎಲ್ಲರೂ. ನಾನೂ ಹಾಗೇ ನಂಬಿದೆ.

ಒಂದು ದಿನ ಅಳು ನಿಂತಿತು. ಜೊತೆಗೆ ನಿದ್ದೆಯೂ ನಿಂತಿತು. ಆದರೂ ದಣಿವೇ ಇಲ್ಲ. ಕಪಾಟಿನ ಬಟ್ಟೆ ತೆಗೆದು ಮಡಚುವುದು, ಮತ್ತೆ ತೆಗೆಯುವುದು. ಸುಗ್ಗಿಯ ಕಾಲ, ಮಾರುಕಟ್ಟೆಯ ಕಡೆಯಿಂದ ಮೆಣಸಿನಕಾಯಿಯ ಘಾಟು ಕಿಟಕಿಯಲ್ಲಿ ಬರುತ್ತಿತ್ತು. ಅದು ಮಗುವಿಗಾಗಿ ಬಿಟ್ಟ ವಿಷ ಎಂದು ನನಗೆ ಖಚಿತವಾಯಿತು. ಕಷ್ಟಪಟ್ಟು ಕಲಿತಿದ್ದ ಮಾತುಗಳೆಲ್ಲ ಬೇರೆ ಅರ್ಥ ಕೊಡತೊಡಗಿದವು. ‘ಕೂಸಿನ್ನ ಕಾಸಬೇಕು’ ಎಂದು ಅತ್ತೆ ಅಂದರೆ ಸುಡಬೇಕು ಎಂದೇ ಕೇಳಿಸುತ್ತಿತ್ತು. ನಾನು ಬಾಗಿಲಿಗೆ ಟ್ರಂಕು ಅಡ್ಡ ಇಡುತ್ತಿದ್ದೆ.

ಆಮೇಲೆ ಅಮ್ಮ ಬಂದಳು. ಕಣ್ಣಿಗಲ್ಲ, ಕಿವಿಗೆ. ಆ ಮನೆಯಲ್ಲಿ ನಮ್ಮೂರ ಮಾತನ್ನಾಡುತ್ತಿದ್ದದ್ದು ಆ ದನಿಯೊಂದೇ. ಹಾಗಾಗಿ ಅದನ್ನೊಂದನ್ನೇ ನಂಬಿದೆ. “ಇವ್ರು ಸುಟ್ಟಾಕ್ಬುಡ್ತರ ಕನವ್ವ, ಕೂಸ ನೀರ್ಗ ಬುಡು, ತಣ್ಣಗಿರ್ತದ” ಅನ್ನುತ್ತಿತ್ತು.

ಮಧ್ಯಾಹ್ನ. ಈರಣ್ಣ ಅಂಗಡಿಗೆ ಹೋಗಿದ್ದ. ನಾನು ಮಗುವನ್ನೆತ್ತಿಕೊಂಡು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದೆ. ಕೊಲ್ಲುತ್ತಿದ್ದೇನೆ ಎಂಬ ಅರಿವು ನನಗಿರಲಿಲ್ಲ, ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಗೌರವ್ವ ಕೂಗಲಿಲ್ಲ, ಓಡಿಯೂ ಬರಲಿಲ್ಲ. ಪಕ್ಕಕ್ಕೆ ಬಂದು ನಿಂತು, ಹಸಿದಿರಬೇಕು, ತಾ ನಾನು ಹಿಡೀತೇನಿ ಎಂದು ತಣ್ಣಗೆ ಹೇಳುತ್ತ ಎರಡೂ ಕೈ ಚಾಚಿದರು. ಯಾಕೋ ಕೊಟ್ಟೆ. ಮಗುವನ್ನು ಸೆರಗಿನಲ್ಲಿ ಸುತ್ತಿ, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು ಒಳಗೆ ನಡೆಸಿದರು.

ಈರಣ್ಣ ಬಂದ. ಅವನ ಕಾಕಾನೂ ಬಂದರು. ಗಾಳಿ ಸೋಕಿದೆ, ದೇವರಗುಡ್ಡಕ್ಕೆ ಕರೆದೊಯ್ಯೋಣ, ಮಂದಿಗೆ ಗೊತ್ತಾಗುವುದು ಬೇಡ ಎಂದರು ಕಾಕಾ. ಈರಣ್ಣ ಒಪ್ಪಿ ತಲೆಯಾಡಿಸಿದ. ಆಗ ಅತ್ತೆ ಮಗುವನ್ನು ಎದೆಗವಚಿಕೊಂಡೇ ಹೇಳಿದರು:

“ಗುತ್ತಲದಾಗ ನನ್ನ ತಂಗಿ ಕಾಲು ಜಾರಿ ಬಾವ್ಯಾಗ ಬಿದ್ದಿಲ್ಲ. ಹಡೆದ ಮ್ಯಾಲ ಅಕಿನೂ ಹಿಂಗ ಗೋಡಿ ಕೂಡ ಮಾತಾಡತಿದ್ದಳು. ಗಾಳಿ ಅಂತ ನಾವು ಸುಮ್ಮನ ಕುಂತ್ವಿ. ಕೂಸಿನ್ನ ಕಟಗೊಂಡು ಹೋಗಿಬಿಟ್ಟಳು.”

ತನ್ನ ಚಿಕ್ಕಮ್ಮ ಕಾಲು ಜಾರಿ ಸತ್ತಳೆಂದೇ ಈರಣ್ಣ ಅಷ್ಟು ವರ್ಷ ತಿಳಿದಿದ್ದ.

“ದೇವರಿಗೆ ಆಮ್ಯಾಲೆ ಹೋಗೂಣು,” ಅಂದರು ಅತ್ತೆ. “ಈಗ ದವಾಖಾನಿಗೆ. ಗಾಡಿ ತರಸು.”

ಹಾವೇರಿಯ ಆಸ್ಪತ್ರೆಯಲ್ಲಿ ಮನೋವೈದ್ಯೆ ನನ್ನನ್ನು ಅಂದೇ ಸೇರಿಸಿಕೊಂಡರು. ಅವರು ಹೇಳಿದ್ದು ತಲೆಗೆ ಹತ್ತಿದ್ದು ಎಷ್ಟೋ ದಿನಗಳ ಮೇಲೆ. ಹೆರಿಗೆಯ ನಂತರ ವಾರಗಟ್ಟಲೆ ಬಿಡದ ಅಳು, ಮಂಕು, ಮಗು ನನ್ನದಲ್ಲ ಅನ್ನಿಸುವುದು ಖಿನ್ನತೆ. ಅದಕ್ಕೂ ಚಿಕಿತ್ಸೆ ಬೇಕು. ನಿದ್ದೆ ಹೋಗಿ, ಇಲ್ಲದ ದನಿ ಕೇಳಿ, ಸುತ್ತಲಿನವರೆಲ್ಲ ಶತ್ರುಗಳಾಗಿ ಕಂಡರೆ ಅದು ಸೈಕೋಸಿಸ್. ಅದು ಅಪರೂಪ, ಆದರೆ ಒಂದು ದಿನವೂ ಕಾಯುವ ಹಾಗಿಲ್ಲ. ತಾಯಿ ಮಗು ಇಬ್ಬರನ್ನೇ ಒಂಟಿಯಾಗಿ ಬಿಡಬಾರದು. ದೆವ್ವವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಗುಣವಾಗುತ್ತದೆ.

ಗುಣವಾಯಿತು, ಆದರೆ ನಿಧಾನಕ್ಕೆ. ಮಾತ್ರೆಗಳಿಂದ ನಾಲಿಗೆ ದಪ್ಪವಾಯಿತು, ಕೈ ನಡುಗಿತು. ಅಮ್ಮನ ದನಿ ದೂರವಾಗುತ್ತ ಹೋಗಿ ನಿಂತಾಗ ಅವಳು ಎರಡನೇ ಸಲ ಸತ್ತಳೆಂಬಂತೆ ಅತ್ತುಬಿಟ್ಟೆ. ಮಗುವನ್ನು ಮತ್ತೆ ಮಡಿಲಿಗೆ ಕೊಟ್ಟಾಗ ನನ್ನ ಕೈಗಳಿಗೇ ಹೆದರಿ ಅವನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತೆ. ಗೌರವ್ವ ಬೆನ್ನ ಹಿಂದೆ ಕುಳಿತು, ತಮ್ಮ ಕೈಯಿಂದಲೇ ನನ್ನ ಕೈ ಹಿಡಿದು ಮಗುವನ್ನು ತಬ್ಬಿಸಿದರು. ಬಹಳ ದಿನ ಹಾಗೆಯೇ ನಡೆಯಿತು.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ನಾನು ಮತ್ತೆ ಗರ್ಭಿಣಿ. ಈ ಸಲವೂ ಆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿ, ಈಗಿನಿಂದಲೇ ತಪಾಸಣೆ ಶುರುಮಾಡಿದ್ದಾರೆ. ಹೊಟ್ಟೆ ಬೆಳೆದಂತೆ ಭಯವೂ ಬೆಳೆಯುತ್ತಿದೆ. ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಬೆಚ್ಚಿ, ಬೇರೆಯವರಿಗೂ ಕೇಳಿಸಿತೇ ಎಂದು ಅತ್ತೆಯ ಮುಖ ನೋಡುತ್ತೇನೆ. ಕೇಳಿಸಿತು ಎಂದು ಅವರು ತಲೆಯಾಡಿಸುತ್ತಾರೆ.

ಮೊನ್ನೆ ಕೊಳ್ಳೇಗಾಲದಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿ ಈ ಸಲ ಬಾಣಂತನಕ್ಕೆ ಇಲ್ಲಿಗೇ ಬಾ ಎಂದಳು. ಆದರೆ ಹಿಂದಿನದನ್ನು ಯಾರ ಹತ್ತಿರವೂ ಆಡಬೇಡ, ಹುಚ್ಚಿ ಅಂದಾರು ಎಂದೂ ಸೇರಿಸಿದಳು. ಕೊಳ್ಳೇಗಾಲದಲ್ಲಿ ನನ್ನ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಡಗಿಯಲ್ಲಿ ನನ್ನ ಭಯವನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ. ಇಲ್ಲೇ ಇರುತ್ತೇನೆ ಎಂದೆ. ಚಿಕ್ಕಮ್ಮನಿಗೆ ಬೇಸರವಾಯಿತು, ನನಗೂ.

ಯಾರ ಫೋನು ಎಂದು ಅತ್ತೆ ಒಳಗಿನಿಂದ ಕೇಳಿದರು.

“ನಮ್ಮೂರಿಂದ,” ಅಂದೆ. ಕೊಳ್ಳೇಗಾಲವನ್ನು ಹಾಗನ್ನುವುದು ಇನ್ನೂ ಬಿಟ್ಟಿಲ್ಲ.