ಜಗದೀಶಣ್ಣನ ಲಾಜಿಕ್

ಮಾರಾಯ್ರೆ, ಇವತ್ತು ದರ್ಬೆಯ ಹೋಟೆಲಿನಲ್ಲಿ ನಾವು ನಾಲ್ಕು ಜನ ಸೇರಿ ನಮ್ಮ ನಮ್ಮ ಇಷ್ಟದ ಕಾದಂಬರಿ ಸರಣಿಗಳ ಬಗ್ಗೆ ಹರಟುತ್ತಿದ್ದೆವು. ನಾನು ನನ್ನ ಡ್ರ್ಯಾಗನ್ ಸರಣಿಯ ದಪ್ಪ ಪುಸ್ತಕ ಮೇಜಿನ ಮೇಲಿಟ್ಟದ್ದೇ ತಡ, ಫಿಸಿಕ್ಸ್ ಲೆಕ್ಚರರ್ ಜಗದೀಶಣ್ಣ ಶುರು ಮಾಡಿದರು.

"ಈ ಮಾಟ ಮಂತ್ರದ್ದೆಲ್ಲ ಎಂತಕ್ಕೆ ಓದುದು? ನಂದು ಅಂತರಿಕ್ಷದ ಕತೆ ಮಾತ್ರ. ಅದಕ್ಕೊಂದು ಲಾಜಿಕ್ ಉಂಟು."

ಅರ್ಧ ಗಂಟೆ ಲಾಜಿಕ್ ಆಯಿತು. ಹೊರಡುವಾಗ ಅವರ ಸ್ಕೂಟರಿನ ಕೀ ಇಲ್ಲ. ಕಿಸೆ, ಚೀಲ ಎಲ್ಲ ತಡಕಿ ಸಾಕಾಗಿ, ಕಣ್ಣು ಮುಚ್ಚಿ, ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೇಳಿಕೊಂಡರು. ನಾನು ನನ್ನ ಪುಸ್ತಕ ಎತ್ತಿದೆ. ಕೀ ಅದರ ಅಡಿಯಲ್ಲೇ ಇತ್ತು.

"ನೋಡಿ, ಅಜ್ಜನ ಕಾರ್ಣಿಕ, ಹರಕೆ ಹೇಳಿದ ಕೂಡಲೇ ಸಿಕ್ಕಿತು" ಎಂದರು ಫಿಸಿಕ್ಸ್ ಲೆಕ್ಚರರು.

ಅಷ್ಟು ಹೊತ್ತು ಕೀ ಕಾದು ಕೂತ ನನ್ನ ಡ್ರ್ಯಾಗನಿಗೆ ಚಕ್ಕುಲಿಯ ಒಂದು ತುಂಡೂ ಇಲ್ಲ.