ಒತ್ತು ಬಿಟ್ಟ ಪದ

ಆ ಪ್ರೌಢಶಾಲೆಯಲ್ಲಿ ಗಂಟೆ ಬಾರಿಸುವ ಹೆಂಗಸಿಗೆ ಮಕ್ಕಳಿಟ್ಟ ಹೆಸರು ಗಂಟೆಯಕ್ಕ. ಇಪ್ಪತ್ತೆರಡು ವರ್ಷ ಗಂಟೆ ಬಾರಿಸಿ, ಹಾಜರಿ ಪುಸ್ತಕ ಹೊತ್ತು, ಹೆಡ್‌ಮಾಸ್ಟರ ಕಾಗದಗಳನ್ನು ಮನೆಮನೆಗೆ ಮುಟ್ಟಿಸಿ ಸವೆದವಳು. ಸವೆದದ್ದು ಚಪ್ಪಲಿ ಮಾತ್ರ, ಬಾಯಲ್ಲ.

ಆ ಕಾಗದಗಳಲ್ಲಿ ಒಂದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವರ ಪಟ್ಟಿ ಕಳಿಸುವ ಮುಂಚೆ, ಫೇಲಾಗುವ ಹಾಗೆ ಕಾಣುವ ಮಕ್ಕಳ ಮನೆಗೆ ಅದು ಹೋಗುತ್ತಿತ್ತು. ಹೆಸರು ತೆಗೆಯಲು ಒಪ್ಪಿದ್ದೇವೆಂದು ಹೆತ್ತವರು ಗುರುತು ಹಾಕಿದರೆ ಮಗು ಶಾಲೆಯಿಂದ ಹೊರಗೆ, ಶಾಲೆಗೆ ನೂರಕ್ಕೆ ನೂರು ಫಲಿತಾಂಶ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಒಂದು ಕಾಲಕ್ಕೆ ಗಂಟೆಯಕ್ಕನ ಅಪ್ಪನೂ ಅಂಥದ್ದೇ ಕಾಗದಕ್ಕೆ, ಏನು ಎತ್ತ ಕೇಳದೆ, ಹೆಬ್ಬೆಟ್ಟು ಒತ್ತಿದ್ದ. ಅವಳ ಓದು ಅಲ್ಲಿಗೇ ನಿಂತಿತ್ತು.

ಈ ಸಲ ಕಾಗದ ಹೊರಟದ್ದು ಇಸ್ತ್ರಿ ಅಂಗಡಿಯವಳ ಮನೆಗೆ. ಅವಳಿಗೆ ಬೆನ್ನಿನ ಆಪರೇಷನ್ ಆಗಿ, ಎರಡು ತಿಂಗಳಿಂದ ಮಗಳೇ ಶಾಲೆ ತಪ್ಪಿಸಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಳು. ಗಂಟೆಯಕ್ಕ ದಿನಾ ಸಂಜೆ ಪಾಠದ ಟಿಪ್ಪಣಿ ತಂದುಕೊಡುತ್ತಿದ್ದಳು. ಹುಡುಗಿ ಒಂದು ಅಂಗಿ ಮಡಿಚಿ ಒಂದು ಲೆಕ್ಕ ಬಿಡಿಸುತ್ತಿದ್ದಳು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆ ಲೆಕ್ಕ ಯಾರಿಗೆ ಬೇಕು?

ಕಾಗದದ ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲಿತ್ತು: ಒಪ್ಪದವರು ‘ಒಪ್ಪಿಲ್ಲ’ ಎಂದು ಸ್ವಂತ ಕೈಯಲ್ಲಿ ಬರೆಯತಕ್ಕದ್ದು. ಅಕ್ಷರ ಬಾರದವರಿಗೆ ಎಂಥ ಉಪಕಾರ! ಗಂಟೆಯಕ್ಕ ಅದನ್ನು ತಾಯಿಯ ಮಂಚದ ಮೇಲಿಟ್ಟು, ಹೆಬ್ಬೆಟ್ಟು ಒತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಿದಳು. ಮಗಳು ತಲೆ ತಗ್ಗಿಸಿ, ಓದು ಹಾಳಾಗಲಿ, ನಿನ್ನ ಬೆನ್ನು ಮುಖ್ಯ, ಒತ್ತಿಬಿಡಮ್ಮ ಎಂದಳು. ತಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಆ ‘ಒಪ್ಪಿಲ್ಲ’ ಬರೆಯೋದು ನಂಗೆ ಕಲಿಸಕ್ಕ,” ಎಂದಳು.

ನಾಲ್ಕು ದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದೊಂದೇ ಪದ ತಿದ್ದಿದ್ದೇ ತಿದ್ದಿದ್ದು. ಐದನೆಯ ದಿನ, ಪಟ್ಟಿ ಕಳಿಸುವ ದಿನವೇ, ತಾಯಿ ಸೊಂಟಕ್ಕೆ ಬೆಲ್ಟು ಬಿಗಿದು ಮಗಳೊಂದಿಗೆ ಶಾಲೆಯ ಆಫೀಸಿಗೆ ಬಂದಳು. ಗಂಟೆಯಕ್ಕ ಪೆನ್ನು ಕೊಟ್ಟಳು. ತಾಯಿ ನಿಂತುಕೊಂಡೇ, ಬೆವರುತ್ತ ಬರೆದಳು.

ಹೆಡ್‌ಮಾಸ್ಟರು ಕಾಗದ ಎತ್ತಿ ನೋಡಿ ನಕ್ಕರು. ‘ಒಪಿಲ’ ಎಂದಿತ್ತು.

“ಒತ್ತಕ್ಷರಾನೇ ಇಲ್ವಲ್ಲಮ್ಮ, ಇದಕ್ಕೇನು ಅರ್ಥ?” ಎಂದವರೇ ಇಂಕ್ ಪ್ಯಾಡನ್ನು ಅವಳ ಮುಂದೆ ತಳ್ಳಿದರು.

ಗಂಟೆಯಕ್ಕನ ನಾಲಿಗೆ ತುರಿಸಿತು. ಆದರೆ ತಾಯಿ ಅವಳ ಕೈ ಹಿಡಿದು ತಡೆದು, ಪ್ಯಾಡನ್ನು ವಾಪಸ್ಸು ತಳ್ಳಿದಳು.

“ಬರೆಯೋದ್ರಲ್ಲಿ ಒತ್ತು ಬಿಟ್ಟುಹೋಯ್ತು ಸಾರ್. ಬಾಯಲ್ಲೇ ಒತ್ತಿ ಹೇಳ್ತೀನಿ, ಕೇಳಿಸ್ಕೊಳ್ಳಿ. ನಾನು ಒಪ್ಪಿಲ್ಲ.”

ಗಂಟೆಯಕ್ಕ ಆ ಇರುವೆ ಅಕ್ಷರದ ಸಾಲನ್ನು ಗಟ್ಟಿಯಾಗಿ ಓದಿದಳು. ಸ್ವಂತ ಕೈಯಲ್ಲಿ ಎಂದಿತ್ತು. ತಪ್ಪಿಲ್ಲದೆ ಎಂದು ಎಲ್ಲಿಯೂ ಇರಲಿಲ್ಲ. ಹೆಡ್‌ಮಾಸ್ಟರು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊನೆಗೆ ಕಾಗದವನ್ನು ಫೈಲಿಗೆ ಸೇರಿಸಿದರು. ಹೆಸರು ಪಟ್ಟಿಯಲ್ಲೇ ಉಳಿಯಿತು.

ಮರುದಿನದಿಂದ ಹುಡುಗಿ ತರಗತಿಗೆ ಬಂದಳು. ಸಂಜೆ ಅಂಗಡಿಯಲ್ಲಿ ಅವಳು ಪುಸ್ತಕ ಹಿಡಿದರೆ, ಇಸ್ತ್ರಿಪೆಟ್ಟಿಗೆ ಗಂಟೆಯಕ್ಕನ ಕೈಗೆ. ಮೊದಲ ದಿನವೇ ಬಟ್ಟೆಯ ಗಂಟಿನಲ್ಲಿ ಮೇಲೆ ಸಿಕ್ಕಿದ್ದು ಹೆಡ್‌ಮಾಸ್ಟರ ಬಿಳಿ ಅಂಗಿ. ಅದನ್ನೂ ಅವಳು ಚೆನ್ನಾಗಿಯೇ ಒತ್ತಿದಳು.