ರಾಡಿಯನ್ನು ಕಲ್ಲು ಮಾಡಹೊರಟ ಕಾಕಾ

ಕಳೆದ ವಾರ ಪಕ್ಕದ ಮನೆಯಲ್ಲಿ ನೆಲಕ್ಕೆ ಹೊಸ ಕಲ್ಲು ಹಾಸುತ್ತಿದ್ದರು. ನೀರು ಬಿಟ್ಟು ಕಲ್ಲು ಕೊಯ್ಯುವಾಗ ಏಳುವ ವಾಸನೆ, ಸುಣ್ಣದ್ದೂ ಅಲ್ಲ ಕೆಸರಿನದೂ ಅಲ್ಲ, ಕಿಟಕಿಯಿಂದ ಒಳಗೆ ಬಂತು. ತಾಂಡೂರಿನ ಕಾಕಾ ನೆನಪಾದರು.

ಕಾಕಾ ನನಗೆ ಸಂಬಂಧಿಯಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಎರಡು ಮಷೀನಿನ ಒಂದು ಶೆಡ್ ಅವರದಿತ್ತು. ಕಲ್ಲು ತೊಳೆದ ಬಿಳಿ ರಾಡಿ ಮಳೆ ಬಂದಾಗಲೆಲ್ಲ ಪಕ್ಕದ ತೊಗರಿ ಹೊಲಕ್ಕೆ ಹರಿದು, ಒಣಗಿ, ಗೋಡೆಯ ಗಿಲಾವಿನ ಹಾಗೆ ಗಟ್ಟಿಯಾಗುತ್ತಿತ್ತು. ಆ ಹೊಲದ ಹೆಣ್ಣುಮಗಳು ಒಂದು ದಿನವೂ ಜಗಳಕ್ಕೆ ಬರಲಿಲ್ಲವಂತೆ. ಅದೇ ಕಾಕಾಗೆ ಸಂಕಟ. ಇದಕ್ಕೊಂದು ಉಪಾಯ ಸಿಕ್ಕೀತೆಂದು ಯಾರೋ ಹೇಳಿದ್ದರಿಂದ ಒಂದು ಡಬ್ಬಿ ರಾಡಿ ತುಂಬಿಕೊಂಡು ಹೈದರಾಬಾದಿನ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ನಾನಾಗ ಅಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಾರಾಯಣಖೇಡದವಳು, ಮನೆಮಾತು ಕನ್ನಡ ಎಂದು ನಮ್ಮ ಪ್ರೊಫೆಸರು ಅವರನ್ನು ನನಗೆ ಒಪ್ಪಿಸಿದರು.

ಯೂರಿಯಾ ತಿನ್ನಿಸಿದರೆ ಕಲ್ಲಿನ ಪುಡಿಯನ್ನು ಅಂಟಿಸಿ ಗಟ್ಟಿ ಮಾಡುವ ಬ್ಯಾಕ್ಟೀರಿಯಾ ನಮ್ಮಲ್ಲಿತ್ತು. ಅದನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ತಾಂಡೂರಿಗೆ ಒಯ್ಯುತ್ತಿದ್ದೆ. ಕಾಕಾ ಅದನ್ನು ಹೆಪ್ಪು ಹಾಕಿದ ಮೊಸರಿನಂತೆ ಗೋಣಿಚೀಲ ಸುತ್ತಿ ಬೆಚ್ಚಗಿಡುತ್ತಿದ್ದರು. "ನಿನ್ನ ಹುಳ ಉಂಡಾವ ಏನವ್ವಾ?" ಎಂದು ಕೇಳುತ್ತಿದ್ದರು. ಆರನೆಯ ಸಲ ಅಚ್ಚಿನಿಂದ ತೆಗೆದ ರಾಡಿಯ ಇಟ್ಟಿಗೆ ಒಡೆಯಲಿಲ್ಲ. ಅದರ ಮೇಲೆ ಅವರು ನಿಂತೇಬಿಟ್ಟರು...

ದೊಡ್ಡ ಪ್ರಮಾಣದಲ್ಲಿ ಮಾಡಲು ಅನುದಾನ ಬೇಕಿತ್ತು. ಉದ್ಯಮದವರೂ ವಿಶ್ವವಿದ್ಯಾಲಯದವರೂ ಜೊತೆಯಾಗಿ ಕೇಳಿದರೆ ಕೊಡುವ ಒಂದು ಯೋಜನೆ ಇತ್ತು. ಅರ್ಜಿಯಲ್ಲಿ ಉದ್ಯಮದ ಜಾಗದಲ್ಲಿ ಕಾಕಾನ ಶೆಡ್ಡಿನ ಹೆಸರು ಬರೆದೆವು. ಸಮಿತಿಯ ಮುಂದೆ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುಳಿತರು. ನಿಮ್ಮ ಸಂಸ್ಥೆಯಲ್ಲಿ ಸಂಶೋಧನಾ ವಿಭಾಗ ಯಾವುದಿದೆ ಎಂದು ಒಬ್ಬರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕಾಕಾಗೆ ಕನ್ನಡದಲ್ಲಿ ಹೇಳಿದೆ.

"ಇಕಿನೇ ನೋಡ್ರಿ ಸಾಬ್," ಎಂದು ನನ್ನತ್ತ ಕೈ ಮಾಡಿದರು.

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು, ಒಳ್ಳೆಯದಾಯಿತು ಅಂದುಕೊಂಡು. ಉದ್ಯಮ ತೀರ ಚಿಕ್ಕದು ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಮರುವರ್ಷವೂ ಅಷ್ಟೇ. ಮೂರನೆಯ ಸಲ ಪ್ರೊಫೆಸರು ಒಂದು ದೊಡ್ಡ ಸಿಮೆಂಟ್ ಕಂಪನಿಯನ್ನು ಒಪ್ಪಿಸಿದರು. ಕಾಕಾನ ಹೆಸರು ಅಳಿಸಿ ಕಂಪನಿಯ ಹೆಸರು ಟೈಪು ಮಾಡಿದವಳು ನಾನೇ. ನನಗೂ ಸಂಬಳ ಬೇಕಿತ್ತು, ದಣಿದಿದ್ದೆ.

ಅನುದಾನ ಬಂತು. ಹೇಳಲು ಹೋದಾಗ, ತಮ್ಮ ಹೆಸರಿಲ್ಲವೆಂದು ಕಾಕಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಮಂಜೂರ್ ಆತಲ್ಲ? ಛಲೋ ಆತು ಬಿಡು. ಹೆಸರು ಯಾರದಿದ್ರೇನು? ರಾಡಿ ನಿಂತ್ರ ಸಾಕು," ಎಂದು ಚಹಾ ತರಿಸಿದರು. 

ಮೂರು ವರ್ಷ ಎಲ್ಲ ಪ್ರಯೋಗಗಳೂ ಕಂಪನಿಯ ಅಂಗಳದಲ್ಲೇ ನಡೆದವು. ಕೊನೆಗೆ ವರದಿಯಾಯಿತು, ನನಗೆ ಪದವಿಯಾಯಿತು, ಕಂಪನಿಯವರು ಆಸಕ್ತಿ ಕಳೆದುಕೊಂಡರು. ಕಾಕಾಗೆ ವರದಿಯ ಒಂದು ಪ್ರತಿ ಕಳಿಸಬೇಕೆಂದುಕೊಂಡಿದ್ದೆ... ಕಳಿಸಲಿಲ್ಲ. ಅವರು ನಮಗಾಗಿ ಕಾಯದೆ ಒಂದು ಮಷೀನು ಮಾರಿ, ಅದಿದ್ದ ಜಾಗದಲ್ಲಿ ರಾಡಿ ಇಂಗಲು ದೊಡ್ಡ ಗುಂಡಿ ತೋಡಿಸಿದ್ದರೆಂದು ಆಮೇಲೆ ಕೇಳಿದೆ.

ಆ ವಾಸನೆ ಬಂದ ಮರುದಿನ ತಾಂಡೂರಿಗೆ ಹೋದೆ. ಶೆಡ್ಡಿನಲ್ಲಿ ಹೊಸ ಮಾಲೀಕರ ನಾಲ್ಕು ಮಷೀನುಗಳು ಓಡುತ್ತಿದ್ದವು. ಗುಂಡಿ ಮುಚ್ಚಿಹೋಗಿತ್ತು. ಪಕ್ಕದ ಹೊಲದಲ್ಲಿ ಆ ಹೆಣ್ಣುಮಗಳು, ಈಗ ಮುದುಕಿ, ಒಣಗಿದ ರಾಡಿಯ ಬಿಳಿ ಹೆಂಟೆ ಆರಿಸಿ ಹಾಕುತ್ತಿದ್ದಳು.

"ಕಾಕಾ ಹೋಗಿ ನಾಕ್ ವರ್ಷ ಆತ್ರಿ. ಕಲ್ಲಿನ ಧೂಳಿಗೆ ದಮ್ಮು ಹತ್ತಿತ್ತು," ಎಂದಳು. ಆಮೇಲೆ ನನ್ನನ್ನೇ ದಿಟ್ಟಿಸಿ, "ನೀವು ಹುಳದ ಮೇಡಮ್ ಅಲ್ಲೇನ್ರಿ? ನಿಮ್ಮ ಕೆಲಸ ಮುಗೀತಾ?"

"ಮುಗೀತವ್ವಾ."

"ಮತ್ತ ರಾಡಿ ಯಾಕ ಬರ್ಲಾಕತ್ಯದ?" ಸಿಟ್ಟಿಲ್ಲದೆ ಕೇಳಿದಳು.

ಕಾಕಾ ಇದ್ದಿದ್ದರೆ ಮಾತಿನಲ್ಲಿ ಉತ್ತರ ಕೊಡುತ್ತಿರಲಿಲ್ಲ, ರಾಡಿ ತಡೆಯಲು ಸಲಿಕೆ ಹಿಡಿದು ಬದುವಿನತ್ತ ಬರುತ್ತಿದ್ದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟೆ.